ಹೊಸ ಕ್ರ್ಯಾಂಕ್ ಹಾಕಿಸಿದ ಮೇಲೆ ಎಡಗಾಲಿಗೆ ‘ಟಕ್’ ಅಂತ ಬಡಿಯುತ್ತಿದೆ, ಓಡಿಸಬಹುದಾ?

ಪ್ರಶ್ನೆ: ನನಗೆ 46 ವರ್ಷ. ಮನೆ ಪರ್ಕಳದಲ್ಲಿ, ಕೆಲಸ ಮಣಿಪಾಲದಲ್ಲಿ. ಆರು ವರ್ಷದಿಂದ ಒಂದೇ ಮೌಂಟನ್ ಬೈಕ್ ಓಡಿಸುತ್ತಿದ್ದೇನೆ. ಮುಂದೆ 42-32-22 ಹಲ್ಲಿನ ಮೂರು ಚಕ್ರ ಇದ್ದ ಹಳೇ ಕ್ರ್ಯಾಂಕ್ (ಪೆಡಲ್ ಸಿಕ್ಕಿಸುವ ತೋಳು) ಸವೆದಿತ್ತು, ಅದರ ಉದ್ದ 170 ಮಿ.ಮೀ. ಆನ್‌ಲೈನ್‌ನಲ್ಲಿ 32 ಹಲ್ಲಿನ ಒಂದೇ ಚಕ್ರದ ಹೊಸ ಸೆಟ್ ತರಿಸಿ, ಬೇರಿಂಗ್ ಸಮೇತ ಒಂದು ಅಂಗಡಿಯಲ್ಲಿ ಹಾಕಿಸಿದೆ. ಪೆಟ್ಟಿಗೆ ಮೇಲೆ 175 ಅಂತಿದೆ. ಹಿಂದಿನ ಗೇರ್ ಹಳೆಯದೇ, 11ರಿಂದ 34 ಹಲ್ಲಿನದ್ದು. ಪೆಡಲ್ ಕೂಡ ಹಳೆಯದೇ. ಈಗ ತುಳಿಯುವಾಗ ಎಡಗಾಲು ಗುಂಡಗೆ ಸುತ್ತುವ ಬದಲು ಮೊಟ್ಟೆಯ ಹಾಗೆ ಸುತ್ತಿದಂತೆ ಅನಿಸುತ್ತದೆ. ಕೆಳಗೆ ಹೋಗುವಾಗ ಒಂದು ಕಡೆ ಪಾದಕ್ಕೆ ಸಣ್ಣಗೆ ‘ಟಕ್’ ಅಂತ ಬಡಿಯುತ್ತದೆ. ಹಿರಿಯಡ್ಕ ತಲುಪುವಷ್ಟರಲ್ಲಿ ಎಡ ಮೊಣಗಂಟಿನ ಹಿಂದೆ ನೋವು. ಏರಿನಲ್ಲಿ ಸೈಕಲ್ ಮೊದಲಿಗಿಂತ ತುಂಬಾ ಭಾರ. ಅಂಗಡಿಯವರು ‘ನೂರು ಕಿಲೋಮೀಟರ್ ಓಡಿಸಿ, ಸೆಟ್ ಆಗ್ತದೆ’ ಅಂದರು. ಒಬ್ಬ ಗೆಳೆಯ ಫ್ರೇಮ್ ಬಗ್ಗಿದೆ ಅಂತಾನೆ. ಇನ್ನೊಬ್ಬ, ಉದ್ದ ಕ್ರ್ಯಾಂಕ್‌ನಲ್ಲಿ ಬಲ ಜಾಸ್ತಿ, ಕಾಲು ಒಗ್ಗಲಿ ಅಂತಾನೆ. ಡಿಸೆಂಬರ್‌ನಲ್ಲಿ ಆಗುಂಬೆ ಹತ್ತಬೇಕು ಅಂತ ಆಸೆ. ಕ್ರ್ಯಾಂಕ್ ವಾಪಸ್ ಮಾಡಲಾ, ಹೀಗೇ ಓಡಿಸಲಾ?

ಉತ್ತರ: ಎಡ ಕ್ರ್ಯಾಂಕನ್ನು ಒಮ್ಮೆ ಬಿಚ್ಚಿ ನೋಡುವ ತನಕ ಈ ಸೈಕಲ್ ಹತ್ತಬೇಡಿ. ವಾಪಸ್ ಮಾಡುವ ಮಾತು ಆಮೇಲೆ.

ನಿಮ್ಮ ಕಾಲು ಹೇಳುತ್ತಿರುವುದು ನಿಜ. ಒಂದು ಗಂಟೆ ಸವಾರಿ ಅಂದರೆ ಪಾದ ನಾಲ್ಕು ಸಾವಿರ ಸುತ್ತು ತಿರುಗುತ್ತದೆ. ಆರು ವರ್ಷ ಒಂದೇ ಸೈಕಲ್ ತುಳಿದ ಕಾಲಿಗೆ ಎರಡು ಮಿಲಿಮೀಟರ್ ಆಚೀಚೆ ಆದರೂ ಗೊತ್ತಾಗುತ್ತದೆ. ಉಡುಪಿಯಲ್ಲಿ ಇಪ್ಪತ್ತು ವರ್ಷದ ಮೇಲಾಯಿತು ನಾನು ಸೈಕಲ್ ರಿಪೇರಿ ಮಾಡುತ್ತಾ. ‘ಏನೋ ಒಂಥರಾ ಆಗ್ತದೆ, ಹೇಳ್ಲಿಕ್ಕೆ ಗೊತ್ತಾಗುದಿಲ್ಲ’ ಅಂತ ಬಂದವರ ಸೈಕಲ್‌ನಲ್ಲಿ ಹುಡುಕಿದರೆ ಹೆಚ್ಚಿನ ಸಲ ಏನಾದರೂ ಸಿಕ್ಕೇ ಸಿಗುತ್ತದೆ.

ನಿಮ್ಮ ಪತ್ರದಲ್ಲಿ ಮೂರು ದೂರು ಒಟ್ಟಿಗೆ ಸೇರಿಕೊಂಡಿವೆ. ಏರಿನಲ್ಲಿ ಭಾರ, ಮೊಣಗಂಟು ನೋವು, ‘ಟಕ್’. ಎಲ್ಲ ಒಂದೇ ದಿನ ಶುರುವಾದ್ದರಿಂದ ಒಂದೇ ಕಾಯಿಲೆ ಅನಿಸುವುದು ಸಹಜ. ಆದರೆ ಮೂರಕ್ಕೂ ಬೇರೆ ಬೇರೆ ಕಾರಣ. ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಇದು ಓಡಿಸಿದರೆ ಸರಿಹೋಗುವಂಥದ್ದಾ, ಹಾಳಾಗುವಂಥದ್ದಾ? ಉದ್ದ, ಅಗಲ ಬದಲಾಗಿದ್ದರೆ ದೇಹ ನಿಧಾನಕ್ಕೆ ಒಗ್ಗುತ್ತದೆ. ಲೂಸ್ ಇದ್ದರೆ ಅದು ಯಾವತ್ತೂ ಒಗ್ಗುವುದಿಲ್ಲ, ದಿನ ಹೋದ ಹಾಗೆ ಜಾಸ್ತಿಯಾಗುತ್ತದೆ. ‘ಟಕ್’ ಅನ್ನುವುದು ಈ ಎರಡನೇ ಜಾತಿ.

‘ಓಡಿಸಿ, ಸೆಟ್ ಆಗ್ತದೆ’ ಎಂಬ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಅಟ್ಲಾಸ್, ಹರ್ಕ್ಯುಲಿಸ್ ಕಾಲದ ಸೈಕಲ್‌ಗಳಲ್ಲಿ ಕ್ರ್ಯಾಂಕನ್ನು ಹಿಡಿದಿಡುತ್ತಿದ್ದದ್ದು ಕಾಟರ್ ಪಿನ್, ಅಂದರೆ ಅಡ್ಡ ಹೊಡೆಯುವ ಸಣ್ಣ ಬೆಣೆ. ಹೊಸ ಪಿನ್ ಹೊಡೆದು, ನಟ್ ಬಿಗಿದು, ಗಿರಾಕಿಗೆ ‘ಒಂದೆರಡು ದಿನ ಓಡಿಸಿ, ಮತ್ತೆ ತನ್ನಿ’ ಅಂತ ಹೇಳುತ್ತಿದ್ದೆವು. ಪಿನ್ ಕೂರುತ್ತಿತ್ತು, ಸ್ವಲ್ಪ ಸಡಿಲವಾಗುತ್ತಿತ್ತು, ಮತ್ತೆ ಸುತ್ತಿಗೆಯ ಒಂದು ಏಟು, ನಟ್‌ಗೆ ಇನ್ನೊಂದು ಸುತ್ತು. ಹಾಗಾಗಿ ‘ಓಡಿಸಿ’ ಅನ್ನುವುದು ಅರ್ಧ ಮಾತು. ‘ಮತ್ತೆ ತನ್ನಿ, ಬಿಗಿಯೋಣ’ ಅನ್ನುವ ಉಳಿದ ಅರ್ಧ ಈಗ ಬಿಟ್ಟುಹೋಗಿದೆ. ಆ ಪಿನ್ ಸವೆದಾಗ ಪೆಡಲ್ ಕೆಳಗೆ ಹೋಗುತ್ತಾ ‘ಕಟಕ್’ ಅನ್ನುತ್ತಿದ್ದದ್ದು ನಿಮಗೂ ನೆನಪಿರಬಹುದು. ನೀವು ಈಗ ಹೇಳುತ್ತಿರುವುದು ಹತ್ತಿರ ಹತ್ತಿರ ಅದೇ.

ಹೊಸ ಸೆಟ್‌ನಲ್ಲಿ ಆ ಕಾಟರ್ ಪಿನ್ ಇಲ್ಲ. ಎಡ ಕ್ರ್ಯಾಂಕ್‌ನ ಬುಡದಲ್ಲಿ ಎರಡು ಅಲನ್ ಬೋಲ್ಟ್ ಪಕ್ಕಪಕ್ಕ ಕಾಣುತ್ತಿವೆಯಾ? ಹೊರಮುಖದ ಮಧ್ಯದಲ್ಲಿ ಒಂದು ಪ್ಲಾಸ್ಟಿಕ್ ಕ್ಯಾಪ್ ಇದೆಯಾ? ಹಾಗಿದ್ದರೆ ನಿಮ್ಮದು ಜಪಾನಿನ ಶಿಮಾನೊ ಕಂಪನಿಯವರ ಹಾಲೋಟೆಕ್ 2 ಮಾದರಿ. ಇದರಲ್ಲಿ 24 ಮಿ.ಮೀ. ದಪ್ಪದ ಟೊಳ್ಳು ಆ್ಯಕ್ಸಲ್ ಬಲ ಕ್ರ್ಯಾಂಕ್‌ಗೆ ಅಂಟಿಕೊಂಡೇ ಬರುತ್ತದೆ. ಅದು ಎರಡೂ ಬೇರಿಂಗ್ ದಾಟಿ ಎಡಗಡೆ ಹೊರಬರುತ್ತದೆ. ಅದರ ತುದಿಯಲ್ಲಿ ಸುತ್ತಲೂ ಉದ್ದುದ್ದ ಹಲ್ಲುಗಳಿವೆ, ಸ್ಪ್ಲೈನ್ ಅಂತೀವಿ. ಎಡ ಕ್ರ್ಯಾಂಕ್ ಆ ಹಲ್ಲುಗಳ ಮೇಲೆ ಜಾರಿ ಕೂರುತ್ತದೆ. ಪ್ಲಾಸ್ಟಿಕ್ ಕ್ಯಾಪ್ ಕ್ರ್ಯಾಂಕನ್ನು ಹಿಡಿದಿಡುವುದಿಲ್ಲ. ಬೇರಿಂಗ್‌ನ ಅಡ್ಡ ಆಟ (ಅಲುಗಾಟ) ಹೋಗುವಷ್ಟು ಒಳಗೆ ತಳ್ಳುವುದಷ್ಟೇ ಅದರ ಕೆಲಸ. ಎರಡು ಬೆರಳಲ್ಲಿ ಬಿಗಿದರೆ ಸಾಕು, ಲೆಕ್ಕದಲ್ಲಿ 0.7ರಿಂದ 1.5 ನ್ಯೂಟನ್ ಮೀಟರ್. ನಿಜವಾಗಿ ಹಿಡಿಯುವುದು ಆ ಎರಡು ಬೋಲ್ಟ್. ಅವನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವೇ, 12ರಿಂದ 14 ನ್ಯೂಟನ್ ಮೀಟರ್ ತನಕ ಬಿಗಿಯಬೇಕು. ಟಾರ್ಕ್ ವ್ರೆಂಚ್ (ಬಿಗಿತ ಅಳೆಯುವ ಪಾನಾ) ಇಲ್ಲದವರಿಗೆ ಅಂದಾಜು ಹೇಳುವುದಾದರೆ, ಬೋಲ್ಟ್‌ನಿಂದ 10 ಸೆಂ.ಮೀ. ದೂರದಲ್ಲಿ ಕೈಯಿಟ್ಟು 13 ಕೆ.ಜಿ. ಭಾರ ಎತ್ತುವಷ್ಟು ಬಲ.

ತಪ್ಪು ಆಗುವುದು ಇಲ್ಲೇ. ಕ್ಯಾಪ್ ಅನ್ನು ಬಲವಾಗಿ ಬಿಗಿದು, ಬೋಲ್ಟ್‌ಗಳನ್ನು ಸುಮ್ನೆ ತಿರುಗಿಸಿ ಬಿಟ್ಟಿರುತ್ತಾರೆ. ಅಥವಾ ಒಂದು ಬೋಲ್ಟ್ ಕಲ್ಲಿನಂತೆ ಬಿಗಿಯಾಗಿದ್ದು ಇನ್ನೊಂದು ಸಡಿಲ ಇರುತ್ತದೆ. ಎರಡು ಬೋಲ್ಟ್‌ಗಳ ನಡುವೆ ಒಂದು ಸಣ್ಣ ತಟ್ಟೆ, ಅದರ ತುದಿಯಲ್ಲಿ ಒಂದು ಪಿನ್ ಇರುತ್ತದೆ. ಕ್ರ್ಯಾಂಕ್ ಪೂರ್ತಿ ಒಳಗೆ ಕೂತಿದ್ದರೆ ಮಾತ್ರ ಆ ಪಿನ್ ಆ್ಯಕ್ಸಲ್‌ನ ತೂತಿಗೆ ಇಳಿಯುತ್ತದೆ. ಇಳಿಯದಿದ್ದರೆ ತಟ್ಟೆಯನ್ನೇ ಎತ್ತಿ ಬಿಟ್ಟು ಬೋಲ್ಟ್ ಹಾಕುವವರಿದ್ದಾರೆ. ಆ ತಟ್ಟೆ ಇರುವುದೇ ‘ಕ್ರ್ಯಾಂಕ್ ಇನ್ನೂ ಕೂತಿಲ್ಲ’ ಅಂತ ಹೇಳಲಿಕ್ಕೆ.

ಎರಡು ಮಳೆಗಾಲದ ಹಿಂದೆ ಒಬ್ಬ ಕಾಲೇಜು ಹುಡುಗ ಎಡ ಕ್ರ್ಯಾಂಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ನನ್ನ ಹತ್ತಿರ ಬಂದಿದ್ದ. ಹೆಬ್ರಿ ಹತ್ತಿರ ಇಳಿಜಾರಿನಲ್ಲಿ ಅದು ಆ್ಯಕ್ಸಲ್‌ನಿಂದ ಕಳಚಿ ಬಂದಿತ್ತು. ಪೆಡಲ್‌ಗೆ ಕಚ್ಚಿಕೊಳ್ಳುವ ಶೂ ಹಾಕಿದ್ದರಿಂದ ಕ್ರ್ಯಾಂಕ್ ಪಾದಕ್ಕೆ ನೇತಾಡುತ್ತಲೇ ಇತ್ತಂತೆ. ಅದೃಷ್ಟಕ್ಕೆ ಎದುರಿಂದ ಬಸ್ ಇರಲಿಲ್ಲ. ಕ್ರ್ಯಾಂಕಿನ ತೂತಿನೊಳಗೆ ಬೆರಳಿಟ್ಟೆ. ಬೂದು ಬಣ್ಣದ ಅಂಟು ಅಂಟು ಕೆಸರು ಬೆರಳಿಗೆ ಹತ್ತಿತು. ಗ್ರೀಸ್, ಮಳೆನೀರು ಮತ್ತು ಅಲ್ಯೂಮಿನಿಯಂ ಪುಡಿ ಸೇರಿದ್ದು ಅದು. ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದರೆ ಒಳಗಿನ ಹಲ್ಲುಗಳು ನಾಯಿ ಅಗಿದ ಹಾಗೆ ಮಡಚಿಕೊಂಡಿದ್ದವು. ಉಕ್ಕಿನ ಆ್ಯಕ್ಸಲ್‌ಗೆ ಏನೂ ಆಗಿರಲಿಲ್ಲ. ಮೆತ್ತಗಿನ ಅಲ್ಯೂಮಿನಿಯಂ ಸೋತಿತ್ತು. ಅವನೂ ಮೂರು ವಾರ ‘ಟಕ್’ ಕೇಳುತ್ತಲೇ ಓಡಿಸಿದ್ದ. ಮೊದಲನೇ ದಿನವೇ ತಂದಿದ್ದರೆ ಎರಡು ಬೋಲ್ಟ್ ಬಿಗಿದು ಕಳಿಸುತ್ತಿದ್ದೆ.

ಮನೆಯಲ್ಲೇ ನೋಡುವ ವಿಧಾನ ಹೇಳುತ್ತೇನೆ. ಸೈಕಲ್ ಗೋಡೆಗೆ ಒರಗಿಸಿ, ಕ್ರ್ಯಾಂಕ್‌ಗಳನ್ನು ನೆಲಕ್ಕೆ ಸಮ ನಿಲ್ಲಿಸಿ. ಪೆಡಲ್ ಹಿಡಿಯಬೇಡಿ, ಎಡ ಕ್ರ್ಯಾಂಕಿನ ತುದಿಯನ್ನೇ ಹಿಡಿಯಿರಿ. ಅದನ್ನು ಫ್ರೇಮ್ ಕಡೆಗೆ ತಳ್ಳಿ, ಈಚೆ ಎಳೆಯಿರಿ. ಅದರ ಜೊತೆ ಬಲ ಕ್ರ್ಯಾಂಕೂ ಅಲ್ಲಾಡಿದರೆ ಆಟ ಬೇರಿಂಗ್‌ನಲ್ಲಿದೆ, ಕ್ಯಾಪ್ ಬಿಗಿಯಾಗಿಲ್ಲ ಅಥವಾ ವಾಷರ್ ಲೆಕ್ಕ ತಪ್ಪಿದೆ. ಎಡದ್ದು ಮಾತ್ರ ಅಲ್ಲಾಡಿದರೆ ಆಟ ಸ್ಪ್ಲೈನ್‌ನಲ್ಲಿದೆ. ಆಮೇಲೆ ಯಾರಾದರೊಬ್ಬರು ಬಲ ಕ್ರ್ಯಾಂಕ್ ಗಟ್ಟಿಯಾಗಿ ಹಿಡಿದುಕೊಳ್ಳಲಿ, ನೀವು ಎಡದ್ದನ್ನು ಮೇಲೆ ಕೆಳಗೆ ಒತ್ತಿ. ಕೂದಲೆಳೆಯಷ್ಟು ‘ಕಟ್’ ಅಂದರೂ ಅಂಗೈಗೆ ಗೊತ್ತಾಗುತ್ತದೆ. ಹಾಗಾದರೆ ಸೈಕಲ್ ತಳ್ಳಿಕೊಂಡೇ ಅಂಗಡಿಗೆ ಹೋಗಿ.

ಇಲ್ಲೇನೂ ಸಿಗದಿದ್ದರೆ ಪೆಡಲ್ ನೋಡಿ. ಎಡ ಪೆಡಲ್‌ನ ಥ್ರೆಡ್ ಉಲ್ಟಾ, ಅದು ನಿಮಗೂ ಗೊತ್ತಿರುತ್ತದೆ. ಮೊದಲ ಮೂರು ನಾಲ್ಕು ಸುತ್ತು ಬರೀ ಬೆರಳಲ್ಲಿ ತಿರುಗಬೇಕು. ಅವಸರದಲ್ಲಿ ಶುರುವಿನಿಂದಲೇ ಪಾನಾ ಹಾಕಿ ತಿರುಗಿಸಿದರೆ ಪೆಡಲ್ ಓರೆಯಾಗಿ ಥ್ರೆಡ್ ಕೊರೆದುಕೊಂಡು ಹೋಗುತ್ತದೆ. ಓರೆ ಕೂತ ಪೆಡಲ್ ಮೇಲೆ ಪಾದ ಪ್ರತಿ ಸುತ್ತಿಗೂ ಒಳಗೆ ಹೊರಗೆ ವಾಲುತ್ತದೆ. ಸವಾರರು ಅದನ್ನೇ ‘ಮೊಟ್ಟೆಯ ಹಾಗೆ’ ಅಂತ ವರ್ಣಿಸುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹಳೇ ಪೆಡಲ್‌ನ ಆ್ಯಕ್ಸಲ್ ಎಲ್ಲೋ ಬಿದ್ದು ಬಗ್ಗಿದ್ದರೂ ಹೀಗೇ ಆಗುತ್ತದೆ. ಹಿಂದಿನಿಂದ ನಿಂತು ಒಬ್ಬರ ಹತ್ತಿರ ಕ್ರ್ಯಾಂಕ್ ನಿಧಾನಕ್ಕೆ ತಿರುಗಿಸಲು ಹೇಳಿ, ಪೆಡಲ್ ತಲೆಯಾಡಿಸುತ್ತದಾ ನೋಡಿ. ಗೆಳೆಯನ ಸೈಕಲ್‌ನ ಪೆಡಲ್ ಜೋಡಿ ಒಂದು ದಿನಕ್ಕೆ ಹಾಕಿ ನೋಡುವುದು ಇನ್ನೂ ಸುಲಭ.

ಇನ್ನೊಂದು ಸಂಶಯವನ್ನೂ ಕಳೆದುಕೊಳ್ಳಿ. ಎರಡೂ ಕ್ರ್ಯಾಂಕ್‌ಗಳ ಒಳಮುಖದಲ್ಲಿ, ಪೆಡಲ್ ತೂತಿನ ಹತ್ತಿರ, ಉದ್ದ ಕೆತ್ತಿರುತ್ತದೆ. ಟಾರ್ಚ್ ಹಿಡಿದು ಎರಡನ್ನೂ ಓದಿ. ಪೆಟ್ಟಿಗೆಯ ಮೇಲಿನ ಸಂಖ್ಯೆ ನಂಬಬೇಡಿ. ಒಂದು 170, ಇನ್ನೊಂದು 175 ಬಂದಿರುವ ಜೋಡಿಯನ್ನು ನಾನು ಕೈಯಾರೆ ಬಿಚ್ಚಿದ್ದೇನೆ. ಹಾಗಿದ್ದರೆ ಬೇರೆ ಯೋಚನೆ ಬೇಡ, ವಾಪಸ್ ಕಳಿಸಿ. ಹಾಗೆಯೇ ಮುಂದಿನ ಹಲ್ಲಿನ ಚಕ್ರ ಪೂರ್ತಿ ಗುಂಡಗಿದೆಯಾ ನೋಡಿ. ಬೇಕಂತಲೇ ಅಂಡಾಕಾರ ಮಾಡಿದ ಚಕ್ರಗಳೂ ಮಾರ್ಕೆಟ್‌ನಲ್ಲಿವೆ. 1980ರ ದಶಕದಲ್ಲಿ ಶಿಮಾನೊದವರ ಬಯೋಪೇಸ್ ಇತ್ತು, ಈಗ ಬೇರೆ ಬೇರೆ ಕಂಪನಿಯವು ಬರುತ್ತವೆ. ಅದು ದೋಷವಲ್ಲ, ಆದರೆ ಗೊತ್ತಿಲ್ಲದೆ ಹಾಕಿಸಿಕೊಂಡವರಿಗೆ ಕಾಲು ಎಡವಿದ ಹಾಗೆ ಅನಿಸುತ್ತದೆ. ಆದರೆ ಆಗ ಎರಡೂ ಕಾಲಿಗೆ ಹಾಗೆ ಅನಿಸಬೇಕು. ನಿಮಗೆ ಎಡಗಾಲಿಗೆ ಮಾತ್ರ, ಅಲ್ವಾ?

ವಾಷರ್ ಲೆಕ್ಕ ಅಂದೆ. ಬೇರಿಂಗ್ ಕೂರುವ ಫ್ರೇಮ್‌ನ ಕೊಳವೆ ಸಾಮಾನ್ಯವಾಗಿ 68 ಅಥವಾ 73 ಮಿ.ಮೀ. ಅಗಲ ಇರುತ್ತದೆ. ಈ ಮೌಂಟನ್ ಬೈಕ್ ಸೆಟ್‌ಗೆ 2.5 ಮಿ.ಮೀ. ವಾಷರ್‌ಗಳು ಬರುತ್ತವೆ. 68 ಆದರೆ ಬಲಕ್ಕೆ ಎರಡು, ಎಡಕ್ಕೆ ಒಂದು. 73 ಆದರೆ ಬಲಕ್ಕೆ ಒಂದೇ. ಕಡಿಮೆ ಹಾಕಿದರೆ ಆಟ ಉಳಿಯುತ್ತದೆ, ಜಾಸ್ತಿ ಹಾಕಿದರೆ ಎಡ ಕ್ರ್ಯಾಂಕ್ ಪೂರ್ತಿ ಕೂರುವುದಿಲ್ಲ. ಒಂದು ವಾಷರ್ ಬಲದ ಬದಲು ಎಡಕ್ಕೆ ಹೋದರೆ ಇಡೀ ಸೆಟ್ 2.5 ಮಿ.ಮೀ. ಎಡಕ್ಕೆ ಜರುಗುತ್ತದೆ. ಅಂದರೆ ಎರಡು ಕಾಲಿನ ನಡುವೆ 5 ಮಿ.ಮೀ. ವ್ಯತ್ಯಾಸ. ಪತ್ತೆ ಮಾಡಲು ಕ್ರ್ಯಾಂಕನ್ನು ಸೀಟಿನ ಕೊಳವೆಗೆ ಸಮಾನಾಂತರವಾಗಿ ನಿಲ್ಲಿಸಿ, ಕೊಳವೆಯಿಂದ ಕ್ರ್ಯಾಂಕಿನ ಒಳಮುಖಕ್ಕೆ ಎಷ್ಟು ಅಂತರ ಅಂತ ಎಡಬಲ ಎರಡೂ ಕಡೆ ಸ್ಕೇಲ್ ಇಟ್ಟು ಅಳೆಯಿರಿ.

ಫ್ರೇಮ್ ಬಗ್ಗಿದೆ ಅನ್ನುವ ಮಾತನ್ನು ತಲೆಯಿಂದ ತೆಗೆದುಬಿಡಿ. ಬೀಳದೆ, ಗುದ್ದದೆ, ಕ್ರ್ಯಾಂಕ್ ಬದಲಿಸಿದ ದಿನವೇ ಫ್ರೇಮ್ ಬಗ್ಗುವುದಿಲ್ಲ. ಫ್ರೇಮ್ ವಿಷಯದಲ್ಲಿ ನನಗಿರುವ ಒಂದೇ ಚಿಂತೆ ಬೇರಿಂಗ್ ಕಪ್‌ನದ್ದು, ಅಂದರೆ ಬೇರಿಂಗ್ ಹಿಡಿದು ಫ್ರೇಮ್‌ಗೆ ತಿರುಪಿ ಕೂರಿಸುವ ಬಟ್ಟಲಿನದ್ದು. ಬಲಗಡೆ ಕಪ್‌ನ ಥ್ರೆಡ್ ಉಲ್ಟಾ. ಗೊತ್ತಿಲ್ಲದೆ ಬಲವಂತ ಮಾಡಿದ್ದರೆ ಫ್ರೇಮ್‌ನ ಥ್ರೆಡ್ಡೇ ಹೋಗಿರುತ್ತದೆ. ಕಪ್ ಸುತ್ತಲೂ ಸಮನಾಗಿ ಕೂತಿದೆಯಾ, ಒಂದು ಕಡೆ ಸಂದು ಕಾಣುತ್ತದಾ ನೋಡಿ. ಸಮನಾಗಿದ್ದರೆ ನಿಶ್ಚಿಂತೆಯಿಂದಿರಿ.

ಈಗ ಮೊಣಗಂಟು. ಉದ್ದ 170ರಿಂದ 175 ಆದಾಗ ಪೆಡಲ್ ಕೆಳಗೆ 5 ಮಿ.ಮೀ. ಜಾಸ್ತಿ ಇಳಿಯುತ್ತದೆ. ಸೀಟು ಇದ್ದಲ್ಲೇ ಇದ್ದರೆ ಕಾಲಿಗೆ ಅದು 5 ಮಿ.ಮೀ. ಎತ್ತರವಾದ ಹಾಗೆ. ಕಾಲು ಜಾಸ್ತಿ ಚಾಚಿ ಮೊಣಗಂಟಿನ ಹಿಂಭಾಗ ಎಳೆಯುತ್ತದೆ. ನಿಮ್ಮ ನೋವು ಇರುವುದೂ ಅಲ್ಲೇ. ಎಡಗಾಲಿಗೆ ಮಾತ್ರ ಯಾಕೆ ಅಂದರೆ, ನಮ್ಮಲ್ಲಿ ಬಹಳ ಜನರ ಎರಡು ಕಾಲು ಒಂದೇ ಅಳತೆ ಇರುವುದಿಲ್ಲ, ಗಿಡ್ಡ ಕಾಲು ಮೊದಲು ದೂರು ಕೊಡುತ್ತದೆ. ಲೂಸ್ ಕ್ರ್ಯಾಂಕ್ ಮೇಲೆ ಪಾದ ಸಂಭಾಳಿಸಿಕೊಳ್ಳುವುದೂ ಅದಕ್ಕೆ ಸೇರಿರಬಹುದು. ಆದ್ದರಿಂದ ಮೊದಲು ಕ್ರ್ಯಾಂಕ್ ಬಿಗಿಸಿ, ಆಮೇಲೆ ಸೀಟನ್ನು 5 ಮಿ.ಮೀ. ಇಳಿಸಿ, ವಾರ ನೋಡಿ. ಆದರೆ ಒಂದು ತೊಡಕಿದೆ. ಸೀಟು 5 ಇಳಿಯಿತು, ಮೇಲೆ ಬರುವ ಪೆಡಲ್ 5 ಏರಿತು. ಮೇಲಿನ ತುದಿಯಲ್ಲಿ ಮೊಣಗಂಟು ಮೊದಲಿಗಿಂತ 10 ಮಿ.ಮೀ. ಜಾಸ್ತಿ ಮಡಚಬೇಕು. ಗಿಡ್ಡಗಿರುವವರಿಗೆ, ಮೊದಲೇ ಮೊಣಗಂಟು ತೊಂದರೆ ಇದ್ದವರಿಗೆ ಇದು ಮುಂಭಾಗದ ನೋವು ತರುತ್ತದೆ. ನಿಮಗೆ ಹಾಗಾದರೆ ಮತ್ತೆ 170ಕ್ಕೇ ಹೋಗಿ. ಕ್ರ್ಯಾಂಕ್ ಸರಿಯಾದ ಮೇಲೂ ನೋವು ಹೋಗದಿದ್ದರೆ ಸೀಟು ಮೇಲೆ ಕೆಳಗೆ ಮಾಡುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ.

ಉದ್ದ ಕ್ರ್ಯಾಂಕ್‌ನಲ್ಲಿ ಬಲ ಜಾಸ್ತಿ ಅನ್ನುವ ನಂಬಿಕೆ ತುಂಬಾ ಹಳೆಯದು. 2001ರಲ್ಲಿ ಮಾರ್ಟಿನ್ ಮತ್ತು ಸ್ಪಿರ್ಡುಸೊ ಎಂಬ ಇಬ್ಬರು ಸಂಶೋಧಕರು 120ರಿಂದ 220 ಮಿ.ಮೀ. ತನಕ ಐದು ಉದ್ದಗಳಲ್ಲಿ ಸೈಕ್ಲಿಸ್ಟರನ್ನು ಪೂರ್ತಿ ಜೋರಾಗಿ ತುಳಿಸಿ ಅಳೆದರು. ಅಷ್ಟು ದೊಡ್ಡ ಅಂತರದಲ್ಲೂ ಗರಿಷ್ಠ ಶಕ್ತಿಯಲ್ಲಿ ಕಂಡ ವ್ಯತ್ಯಾಸ ನೂರಕ್ಕೆ ನಾಲ್ಕರಷ್ಟು ಮಾತ್ರ. 5 ಮಿ.ಮೀ.ಯಿಂದ ನಿಮಗೆ ಆಗುಂಬೆ ಸುಲಭ ಆಗುವುದಿಲ್ಲ. ಮೊಣಗಂಟಿಗೆ ಯಾವುದು ಹಿತವೋ ಅದೇ ಸರಿಯಾದ ಉದ್ದ.

ಏರಿನ ಭಾರಕ್ಕೆ ಫಿಟ್ಟಿಂಗ್ ಕಾರಣವೇ ಅಲ್ಲ, ಅದು ಹಲ್ಲಿನ ಲೆಕ್ಕ. ಮೊದಲು ಮುಂದೆ 22, ಹಿಂದೆ 34 ಹಾಕಿ ಏರು ಹತ್ತುತ್ತಿದ್ದಿರಿ. ಪೆಡಲ್ ಒಂದು ಸುತ್ತಿಗೆ ಹಿಂದಿನ ಗಾಲಿ 0.65 ಸುತ್ತು. ಈಗ ಮುಂದೆ ಇರುವುದೇ 32. ಹಿಂದೆ ಅದೇ 34 ಹಾಕಿದರೂ ಗಾಲಿ 0.94 ಸುತ್ತು ತಿರುಗಬೇಕು. ನಿಮ್ಮ ಅತಿ ಹಗುರದ ಗೇರ್ ನೂರಕ್ಕೆ 45ರಷ್ಟು ಭಾರವಾಗಿದೆ! ಪರ್ಕಳದ ಏರಿಗೆ ಹೇಗೋ ಆಗುತ್ತದೆ. ಸೋಮೇಶ್ವರ ದಾಟಿ 14 ಹೇರ್‌ಪಿನ್ ತಿರುವು ಹತ್ತುವಾಗ ಇದೇ ಗೇರ್ ಮೊಣಗಂಟನ್ನು ತಿಂದುಬಿಡುತ್ತದೆ. ಒಂದೇ ಚಕ್ರದ ಕ್ರ್ಯಾಂಕ್ ಮಾರುವವರು ಇದನ್ನು ಯಾಕೆ ಹೇಳುವುದಿಲ್ಲ ಅಂತ ನನಗೆ ಬೇಜಾರಾಗುತ್ತದೆ. ಹಿಂದೆ 42 ಅಥವಾ ಅದಕ್ಕಿಂತ ಹೆಚ್ಚು ಹಲ್ಲಿನ ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಗೊಂಚಲು) ಜೊತೆಗಿದ್ದರೆ ಮಾತ್ರ ಇದು ನಮ್ಮ ಘಟ್ಟಕ್ಕೆ ಒಗ್ಗುತ್ತದೆ. ಮುಂದಿನ ಚಕ್ರವನ್ನು 28 ಹಲ್ಲಿನದ್ದು ಮಾಡಬಹುದು, ನಿಮ್ಮ ಕ್ರ್ಯಾಂಕಿಗೆ ಆ ಅಳತೆಯದು ಸಿಕ್ಕಿದರೆ. ಆಗ 0.82 ಆಗುತ್ತದೆ, ಸಪಾಟು ರಸ್ತೆಯಲ್ಲಿ ವೇಗ ಸ್ವಲ್ಪ ಹೋಗುತ್ತದೆ. ಹಿಂದೆ ದೊಡ್ಡ ಕ್ಯಾಸೆಟ್ ಹಾಕಬಹುದು, ಆದರೆ ಹಳೇ ಡಿರೈಲರ್ (ಗೇರ್ ಬದಲಿಸಲು ಚೈನ್ ಸರಿಸುವ ಭಾಗ) ಅದನ್ನು ತಲುಪದೆ ಹಲ್ಲಿಗೆ ತಾಗಬಹುದು. ಆಗ ಡಿರೈಲರ್, ಚೈನ್, ಶಿಫ್ಟರ್ ಎಲ್ಲ ಬದಲಿಸುವ ಖರ್ಚಿಗೆ ಬರುತ್ತದೆ. ನನ್ನನ್ನು ಕೇಳಿದರೆ, ಎಡ ಕ್ರ್ಯಾಂಕ್ ಬಿಚ್ಚಿದಾಗ ಸ್ಪ್ಲೈನ್ ಕೆಡದೆ ಇದ್ದು, ಮಾರಿದವರು ಬದಲಿಸಿ ಕೊಡುತ್ತಾರೆ ಅಂತಾದರೆ, 170 ಉದ್ದದ ಮೂರು ಚಕ್ರದ ಸೆಟ್ಟನ್ನೇ ತರಿಸುವುದು ನಿಮಗೆ ಒಳ್ಳೆಯದು. ಹಳೇ ಮಾದರಿ ಅಂತ ನಾಚಿಕೆ ಬೇಡ. ಘಟ್ಟದ ಬುಡದಲ್ಲಿ ಮನೆಯಿರುವವರಿಗೆ 22 ಹಲ್ಲಿನ ಸಣ್ಣ ಚಕ್ರ ದೊಡ್ಡ ಆಸ್ತಿ.

ಇದೇ ಸೆಟ್ ಇಟ್ಟುಕೊಳ್ಳುವುದಾದರೆ ಚೈನ್ ಕೂಡ ಅಳೆಸಿ. ಹೊಸ ಚೈನ್‌ನಲ್ಲಿ ಪಿನ್ನಿಂದ ಪಿನ್ನಿಗೆ 12 ಇಂಚು ಸರಿಯಾಗಿ ಬರುವ ಕಡೆ, ಸವೆದದ್ದರಲ್ಲಿ ಒಂದೂವರೆ ಮಿ.ಮೀ. ಜಾಸ್ತಿ ಬಂದರೆ ಬದಲಿಸುವ ಹೊತ್ತಾಯಿತು ಅಂತ. ಒಂದೇ ಚಕ್ರದ ಸೆಟ್‌ನಲ್ಲಿ ಒಂದು ಹಲ್ಲು ದಪ್ಪ, ಒಂದು ತೆಳು ಇರುತ್ತದೆ. ದಪ್ಪ ಹಲ್ಲು ಚೈನ್‌ನ ಅಗಲ ಕಿಂಡಿಗೇ ಬರಬೇಕು. ಒಂದು ಕಿಂಡಿ ತಪ್ಪಿ ಕೂತರೂ ತುಳಿಯುವಾಗ ಗರಗರ ಅನ್ನುತ್ತದೆ.

ಅಂಗಡಿಗೆ ಹೋದಾಗ ಜಗಳ ಬೇಡ. ‘ಎಡ ಕ್ರ್ಯಾಂಕ್ ಬಿಚ್ಚಿ, ಒಳಗಿನ ಹಲ್ಲು ನನಗೆ ತೋರಿಸಿ’ ಅಂತ ಕೇಳಿ. ಹಲ್ಲುಗಳ ಅಂಚು ಚೂಪಾಗಿದ್ದು ಬೂದು ಪುಡಿ ಇಲ್ಲದಿದ್ದರೆ, ಆ್ಯಕ್ಸಲ್ ಒರೆಸಿ, ತೆಳ್ಳಗೆ ಗ್ರೀಸ್ ಸವರಿ, ಪಿನ್ ತೂತಿಗೆ ಇಳಿದದ್ದು ನೋಡಿ, ಬೋಲ್ಟ್ ಬಿಗಿಸಿ. ನಮ್ಮ ಕರಾವಳಿಯ ಮಳೆ, ಉಪ್ಪುಗಾಳಿಗೆ ಆ ಗ್ರೀಸ್ ಬೇಕೇ ಬೇಕು. ಮಲ್ಪೆ ಪಡುಕೆರೆ ಕಡೆಯ ಸೈಕಲ್‌ಗಳಲ್ಲಿ ಗ್ರೀಸ್ ಇಲ್ಲದೆ ಹಾಕಿದ ಬೋಲ್ಟ್ ಮುಂದಿನ ವರ್ಷ ಬಿಚ್ಚಲಿಕ್ಕೇ ಬರುವುದಿಲ್ಲ. ಅಂಚು ಮಡಚಿದ್ದರೆ ಮತ್ತೆ ಬಿಗಿದು ಪ್ರಯೋಜನವಿಲ್ಲ. ತಗಡಿನ ಚೂರು ತುರುಕಿ, ಅಂಟು ಹಾಕಿ ಕೂರಿಸುತ್ತೇವೆ ಅಂದರೆ ಒಪ್ಪಬೇಡಿ. ಎಡ ಕ್ರ್ಯಾಂಕ್ ಒಂದನ್ನೇ ಬೇರೆ ತರಿಸಬಹುದು, ಇಡೀ ಸೆಟ್ ಬೇಕಿಲ್ಲ. ಉದ್ದ ಮಾತ್ರ ಬಲದ್ದಕ್ಕೆ ಹೊಂದಬೇಕು.

ಬಿಗಿಸಿದ ಮೇಲೆ ಮನೆಯಲ್ಲಿರುವ ನೈಲ್ ಪಾಲಿಶ್ ತೆಗೆದುಕೊಂಡು, ಎರಡೂ ಬೋಲ್ಟ್ ತಲೆಯಿಂದ ಕ್ರ್ಯಾಂಕಿನ ಮೇಲೆ ಬರುವ ಹಾಗೆ ಒಂದೊಂದು ಗೆರೆ ಎಳೆಯಿರಿ. ಮಣಿಪಾಲಕ್ಕೆ ಒಂದು ವಾರ ಹೋಗಿ ಬನ್ನಿ, ಆಮೇಲೆ ಹಿರಿಯಡ್ಕ, ಆಮೇಲೆ ಪೆರ್ಡೂರು. ಪ್ರತಿ ಸಲ ಗೆರೆ ನೋಡಿ. ಆಗುಂಬೆಯ ದಿನ ಹೆಬ್ರಿಯಲ್ಲಿ ಚಾ ಕುಡಿಯಲು ನಿಲ್ಲಿಸಿದಾಗಲೂ ಒಮ್ಮೆ ಬಗ್ಗಿ ನೋಡಿ. ಗೆರೆ ಕೂಡಿಯೇ ಇದ್ದರೆ ಹತ್ತಿ. ಮುರಿದು ಎರಡಾಗಿದ್ದರೆ ಘಟ್ಟಕ್ಕೆ ಹೋಗಬೇಡಿ, ಅಲ್ಲಿಂದಲೇ ಸೈಕಲ್ ಬಸ್ಸಿಗೆ ಹಾಕಿ ವಾಪಸ್ ಬನ್ನಿ.